ಕಡಲಿಗೂ ಒಂದು ಗೇಣಿಚೀಟಿ

2021ರ ಕೊನೆಯಲ್ಲಿ ಡೆನ್ಮಾರ್ಕ್ ದೇಶವು ಉತ್ತರ ಸಮುದ್ರದ ಒಂದು ತುಂಡನ್ನು ಯಾರಿಗೆ ವಹಿಸಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಿತು. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಇಬ್ಬರಿಗೆ ಸಮ ಮತ ಬಿದ್ದಾಗ ನಮ್ಮಲ್ಲಿ ಮಾಡುವುದಿಲ್ಲವೇ, ಹಾಗೆ. ಥೋರ್ ಎಂಬ ಹೆಸರಿನ, ಸುಮಾರು 1,000 ಮೆಗಾವ್ಯಾಟ್ ಸಾಮರ್ಥ್ಯದ ಆ ಪವನ ವಿದ್ಯುತ್ ಯೋಜನೆಗೆ ಒಂದಕ್ಕಿಂತ ಹೆಚ್ಚು ಕಂಪನಿಗಳು ನಿಯಮವು ಅನುಮತಿಸಿದ ಅತ್ಯಂತ ಕಡಿಮೆ ದರವನ್ನೇ ನಮೂದಿಸಿದ್ದವು. ಸಹಾಯಧನ ಬೇಡ, ಬದಲಿಗೆ ಸರ್ಕಾರಕ್ಕೇ 280 ಕೋಟಿ ಕ್ರೋನರ್‌ವರೆಗೆ ಕಟ್ಟುತ್ತೇವೆ ಎಂಬುದು ಅದರ ಅರ್ಥ. ಅದಕ್ಕಿಂತ ಕೆಳಗಿಳಿಯಲು ನಿಯಮದಲ್ಲಿ ಜಾಗವಿರಲಿಲ್ಲ. ಅದೃಷ್ಟ ಜರ್ಮನಿಯ ಆರ್‌ಡಬ್ಲ್ಯುಇ ಕಂಪನಿಗೆ ಒಲಿಯಿತು.

ಮೂರು ವರ್ಷಗಳ ನಂತರ ಅದೇ ಡೆನ್ಮಾರ್ಕ್ ಅದೇ ಉತ್ತರ ಸಮುದ್ರದಲ್ಲಿ ಮೂರು ಕ್ಷೇತ್ರಗಳನ್ನು, ಒಟ್ಟು 3,000 ಮೆಗಾವ್ಯಾಟ್‌ಗೆ, ಹರಾಜಿಗಿಟ್ಟಿತು. ಈ ಬಾರಿ ಚೀಟಿಯ ಗೊಡವೆ ಬೇಡವೆಂದು, ಯಾರು ಸರ್ಕಾರಕ್ಕೆ ಹೆಚ್ಚು ಹಣ ಕಟ್ಟುತ್ತಾರೋ ಅವರಿಗೇ ಕ್ಷೇತ್ರ ಎಂಬ ನಿಯಮ ಮಾಡಿತ್ತು. 2024ರ ಡಿಸೆಂಬರ್‌ನಲ್ಲಿ ಗಡುವು ಮುಗಿದಾಗ ಒಂದೇ ಒಂದು ಅರ್ಜಿಯೂ ಬಂದಿರಲಿಲ್ಲ. 1991ರಲ್ಲಿ ವಿಂಡೆಬಿ ಎಂಬಲ್ಲಿ ಹನ್ನೊಂದು ಗಾಳಿಯಂತ್ರಗಳನ್ನು ನೀರಿನಲ್ಲಿ ನಿಲ್ಲಿಸಿ ಈ ಉದ್ಯಮಕ್ಕೇ ನಾಂದಿ ಹಾಡಿದ ದೇಶಕ್ಕೆ ಬಂದ ಗತಿ ಇದು. ಮರುವರ್ಷ ಅಲ್ಲಿನ ಸರ್ಕಾರ ತಲೆ ತಗ್ಗಿಸಿ, 3,000 ಮೆಗಾವ್ಯಾಟ್‌ಗಾಗಿ 5,500 ಕೋಟಿ ಕ್ರೋನರ್‌ವರೆಗೆ ಸಹಾಯಧನ ಕೊಡಲು ಸಿದ್ಧವಾಯಿತು.

ಈ ಕಥೆ ನಮಗೇಕೆ ಎಂದು ಓದುಗರು ಕೇಳಬಹುದು. ನಮ್ಮ ದೇಶವೂ ಈಚೆಗೆ ಅದೇ ಮೆಟ್ಟಿಲಿನಲ್ಲಿ ಎಡವಿದೆ. ತಮಿಳುನಾಡಿನ ಕರಾವಳಿಯಾಚೆ 4,000 ಮೆಗಾವ್ಯಾಟ್‌ಗೆ ಸಮುದ್ರತಳವನ್ನು ಗುತ್ತಿಗೆಗೆ ಕೊಡಲು ಭಾರತೀಯ ಸೌರಶಕ್ತಿ ನಿಗಮವು 2024ರ ಫೆಬ್ರುವರಿಯಲ್ಲಿ ಟೆಂಡರ್ ಕರೆಯಿತು. ಗುಜರಾತಿನ ಬಳಿ 500 ಮೆಗಾವ್ಯಾಟ್‌ಗೆ ಮತ್ತೊಂದು ಟೆಂಡರ್ ಅದೇ ವರ್ಷ ಬಂತು. ಮೇಲಿಂದ ಮೇಲೆ ಗಡುವು ವಿಸ್ತರಿಸಿದ ಮೇಲೆ, 2025ರ ಆಗಸ್ಟ್‌ನಲ್ಲಿ ಎರಡನ್ನೂ ರದ್ದುಮಾಡಲಾಯಿತು. ಮತ್ತೆ ಕರೆಯುವುದಂತೂ ಖಚಿತ. ಹೇಗೆ ಕರೆಯಬೇಕು ಎಂಬುದನ್ನು ಈಗಲೇ ಯೋಚಿಸದಿದ್ದರೆ, ಇನ್ನೊಮ್ಮೆ ಖಾಲಿ ಲಕೋಟೆಗಳನ್ನು ಎಣಿಸಬೇಕಾದೀತು. ಅಥವಾ ಅದಕ್ಕಿಂತ ಕೆಟ್ಟದ್ದೂ ಆಗಬಹುದು: ಲಕೋಟೆ ತುಂಬಿದ್ದು, ಸಮುದ್ರ ಮಾತ್ರ ಖಾಲಿ ಉಳಿಯಬಹುದು.

ಎರಡನೆಯ ಅಪಾಯವನ್ನು ಮೊದಲು ವಿವರಿಸುತ್ತೇನೆ, ಏಕೆಂದರೆ ಪತ್ರಿಕೆಗಳ ಶೀರ್ಷಿಕೆಯಲ್ಲಿ ಅದು ಯಶಸ್ಸಿನ ವೇಷದಲ್ಲಿ ಬರುತ್ತದೆ. ಅಮೆರಿಕದಲ್ಲಿ ಕರಾವಳಿಯಾಚೆಯ ಸಮುದ್ರತಳ ಕೇಂದ್ರ ಸರ್ಕಾರದ್ದು. ಅಲ್ಲಿನ ಸಾಗರ ಇಂಧನ ನಿರ್ವಹಣಾ ಬ್ಯೂರೊ ಮೊದಲು ಆಸಕ್ತರಿಂದ ಮಾಹಿತಿ ಕೇಳುತ್ತದೆ, ಕ್ಷೇತ್ರ ಗುರುತಿಸುತ್ತದೆ, ಕರಡು ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಆಲಿಸುತ್ತದೆ, ಬಳಿಕ ಹರಾಜು ನಡೆಸುತ್ತದೆ. 2013ರಲ್ಲಿ ರೋಡ್ ಐಲೆಂಡ್ ಮತ್ತು ಮ್ಯಾಸಚೂಸೆಟ್ಸ್ ಬಳಿ ನಡೆದ ಮೊದಲ ಸ್ಪರ್ಧಾತ್ಮಕ ಹರಾಜಿನಲ್ಲಿ ಸಿಕ್ಕಿದ್ದು 38 ಲಕ್ಷ ಡಾಲರ್. 2018ರಲ್ಲಿ ಮ್ಯಾಸಚೂಸೆಟ್ಸ್ ಬಳಿಯ ಮೂರು ಕ್ಷೇತ್ರಗಳಿಗೆ 40.5 ಕೋಟಿ. 2022ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ನಡುವಣ ಕಡಲಿನ ಆರು ಕ್ಷೇತ್ರಗಳಿಗೆ 437 ಕೋಟಿ! 4,88,000 ಎಕರೆಗೆ ಅಷ್ಟು ಹಣವೆಂದರೆ ಚದರ ಕಿಲೋಮೀಟರಿಗೆ ಸುಮಾರು 22 ಲಕ್ಷ ಡಾಲರ್. ಅಂದು ಎಲ್ಲರೂ ಚಪ್ಪಾಳೆ ತಟ್ಟಿದರು.

ಆದರೆ ಆ ಗುತ್ತಿಗೆ ಕಟ್ಟಡ ಕಟ್ಟುವ ಹಕ್ಕಲ್ಲ. ಸಮೀಕ್ಷೆ ನಡೆಸಿ, ನಿರ್ಮಾಣ ಯೋಜನೆಯನ್ನು ಮುಂದಿಟ್ಟು ಅನುಮತಿ ಬೇಡುವ ಹಕ್ಕು ಮಾತ್ರ. ವಿದ್ಯುತ್ತನ್ನು ಯಾರು, ಯಾವ ದರಕ್ಕೆ ಕೊಳ್ಳುತ್ತಾರೆಂಬುದು ಇನ್ನೂ ಬೇರೆ ಮಾತು. ಅದು ಆಯಾ ರಾಜ್ಯದೊಂದಿಗೆ ನಡೆಯಬೇಕಾದ ಪ್ರತ್ಯೇಕ ಚೌಕಾಸಿ. ಅಂದರೆ ಗಾಳಿ ಅಳೆಯುವ ಮೊದಲೇ, ದರ ಗೊತ್ತಾಗುವ ಮೊದಲೇ, ಬಡ್ಡಿದರ ಎಲ್ಲಿಗೆ ಹೋದೀತೆಂದು ತಿಳಿಯುವ ಮೊದಲೇ ಕಂಪನಿ ಹಣ ಕಟ್ಟಿಯಾಗಿರುತ್ತದೆ. ಹರಾಜಿನಲ್ಲಿ ಗೆಲ್ಲುವವನು ಸಾಮಾನ್ಯವಾಗಿ ಎಲ್ಲರಿಗಿಂತ ಹೆಚ್ಚು ಆಶಾವಾದಿಯಾಗಿದ್ದವನೇ. ಅರ್ಥಶಾಸ್ತ್ರದ ಪಠ್ಯಗಳು ಇದನ್ನು ಗೆದ್ದವನ ಶಾಪ ಎನ್ನುತ್ತವೆ. 2022ರ ನಂತರ ಬಡ್ಡಿ ಏರಿತು, ಉಕ್ಕಿನ ಬೆಲೆ ಏರಿತು. 2023ರ ಅಕ್ಟೋಬರ್‌ನಲ್ಲಿ ಡೆನ್ಮಾರ್ಕಿನ ಓರ್‌ಸ್ಟೆಡ್ ಕಂಪನಿ ನ್ಯೂಜೆರ್ಸಿ ಬಳಿಯ ತನ್ನ ಎರಡು ಯೋಜನೆಗಳನ್ನು ಕೈಬಿಟ್ಟಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಮೂರು ಕ್ಷೇತ್ರ ಹರಾಜಿಗಿಟ್ಟಾಗ ಒಂದು 56 ಲಕ್ಷ ಡಾಲರಿಗೆ ಹೋಯಿತು, ಉಳಿದೆರಡನ್ನು ಕೇಳುವವರೇ ಇರಲಿಲ್ಲ.

ಇಷ್ಟಾದ ಮೇಲೆ ಬಂತು ರಾಜಕೀಯ. 2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಟ್ರಂಪ್ ಅವರು ಹೊಸ ಗುತ್ತಿಗೆಗಳಿಗೆ ಇಡೀ ಕರಾವಳಿಯನ್ನು ಮುಚ್ಚಿದರು. ಜುಲೈ ಕೊನೆಗೆ, ಗುತ್ತಿಗೆಗೆಂದು ಗುರುತಿಸಿದ್ದ 35 ಲಕ್ಷ ಎಕರೆಗೂ ಮಿಕ್ಕಿದ ಕ್ಷೇತ್ರಗಳ ಗುರುತನ್ನೇ ಅಳಿಸಲಾಯಿತು. ಆಗಸ್ಟ್‌ನಲ್ಲಿ, ಶೇಕಡ 80ರಷ್ಟು ಕಾಮಗಾರಿ ಮುಗಿದಿದ್ದ ರೆವಲ್ಯೂಷನ್ ವಿಂಡ್ ಯೋಜನೆಗೆ ಕೆಲಸ ನಿಲ್ಲಿಸುವಂತೆ ಆದೇಶ ಹೋಯಿತು. ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಅದಕ್ಕೆ ತಡೆ ಕೊಟ್ಟಿತು. 437 ಕೋಟಿ ಡಾಲರಿನ ಆ ಆರು ಕ್ಷೇತ್ರಗಳಲ್ಲಿ ಇಂದಿಗೂ ಒಂದು ಗಾಳಿಯಂತ್ರ ತಿರುಗುತ್ತಿಲ್ಲ.

ನಮ್ಮ ದಕ್ಷಿಣ ಕನ್ನಡದ ಹಿರಿಯರಿಗೆ ಇದು ಹೊಸ ಪಾಠವಲ್ಲ. ಭೂಸುಧಾರಣೆಗೆ ಮುಂಚೆ ಅಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಎರಡು ಬಗೆಯ ಒಕ್ಕಲುತನವಿತ್ತು. ಮೂಲಗೇಣಿಯವನ ಗೇಣಿ ನಿಗದಿಯಾದದ್ದು, ಹಕ್ಕು ಶಾಶ್ವತವಾದದ್ದು. ಚಾಲಗೇಣಿಯವನು ಧಣಿಯ ಮರ್ಜಿಯಲ್ಲಿದ್ದವನು. ಇನ್ನೊಬ್ಬ ಎರಡು ಮುಡಿ ಅಕ್ಕಿ ಹೆಚ್ಚು ಕೊಡುತ್ತೇನೆಂದರೆ ಎದ್ದು ಹೋಗಬೇಕಾದವನು. ಚಾಲಗೇಣಿಯ ಒಕ್ಕಲು ವರ್ಷದ ಬತ್ತ ಬೆಳೆದಾನೇ ಹೊರತು, ಫಲಕ್ಕೆ ವರ್ಷಗಟ್ಟಲೆ ಕಾಯಬೇಕಾದ ಅಡಿಕೆ, ತೆಂಗಿನ ಸಸಿ ಏಕೆ ನೆಟ್ಟಾನು? ಕಡಲ ಗಾಳಿಯಂತ್ರವೂ ಅಡಿಕೆ ತೋಟದ ಜಾತಿಯದು. ಖರ್ಚೆಲ್ಲ ಮೊದಲೇ, ಫಲ ಆಮೇಲೆ ಮೂವತ್ತು ವರ್ಷ. ಅಮೆರಿಕ ಮೂಲಗೇಣಿಯ ಬೆಲೆ ವಸೂಲು ಮಾಡಿ ಚಾಲಗೇಣಿಯ ಚೀಟಿ ಬರೆದುಕೊಟ್ಟಿತು ಎಂದರೆ ತಪ್ಪಾಗಲಾರದು.

ಯುರೋಪಿನಲ್ಲಿ ಸರ್ಕಾರಗಳು ಇಷ್ಟು ಚಂಚಲವಲ್ಲ. ಆದರೂ ಹಣದ ಆಸೆ ಅಲ್ಲಿಯೂ ಕೆಲಸ ಮಾಡಿದೆ. 2023ರಲ್ಲಿ ಜರ್ಮನಿ 7,000 ಮೆಗಾವ್ಯಾಟಿನ ನಾಲ್ಕು ಕ್ಷೇತ್ರಗಳಿಂದ 1,260 ಕೋಟಿ ಯೂರೊ ಗಳಿಸಿತು. ಗೆದ್ದವು ಬಿಪಿ ಮತ್ತು ಟೋಟಲ್ ಎನರ್ಜೀಸ್ ಎಂಬ ತೈಲ ಕಂಪನಿಗಳು. 2025ರ ಆಗಸ್ಟ್‌ನಲ್ಲಿ ಅದೇ ಜರ್ಮನಿಯ ಎರಡು ಕ್ಷೇತ್ರಗಳಿಗೆ ಯಾರೂ ಬರಲಿಲ್ಲ. ಬ್ರಿಟನ್ನಿನಲ್ಲಿ ಸಮುದ್ರತಳದ ಯಜಮಾನಿಕೆ ಕ್ರೌನ್ ಎಸ್ಟೇಟ್ ಎಂಬ ಸಂಸ್ಥೆಯದು. 2021ರ ಅದರ ನಾಲ್ಕನೆಯ ಸುತ್ತಿನಲ್ಲಿ ಕಂಪನಿಗಳು ಕ್ಷೇತ್ರವನ್ನು ಕಾಯ್ದಿರಿಸಿಕೊಳ್ಳುವುದಕ್ಕಷ್ಟೇ ಪ್ರತಿ ಮೆಗಾವ್ಯಾಟಿಗೆ ವರ್ಷಕ್ಕೆ 76,000ದಿಂದ 1,54,000 ಪೌಂಡ್‌ವರೆಗೆ ಕೂಗಿದವು. ಒಟ್ಟು ವರ್ಷಕ್ಕೆ 87.9 ಕೋಟಿ ಪೌಂಡ್. ಸಂಸ್ಥೆಯ ಲಾಭದ ಒಂದು ಪಾಲು ಅರಮನೆಗೆ ಹೋಗುವುದರಿಂದ ದೊರೆ ಮೂರನೆಯ ಚಾರ್ಲ್ಸ್ ಅವರೇ ಮುಜುಗರಪಟ್ಟು, ಈ ಹೆಚ್ಚುವರಿ ಹಣ ಸಾರ್ವಜನಿಕ ಒಳಿತಿಗೆ ಹೋಗಲಿ ಎಂದು 2023ರಲ್ಲಿ ಕೋರಿದರು. ಅರಮನೆಯ ಪಾಲನ್ನು ಶೇಕಡ 25ರಿಂದ 12ಕ್ಕೆ ಇಳಿಸಲಾಯಿತು. 2025ರ ಐದನೆಯ ಸುತ್ತಿನಲ್ಲಿ, ಸೆಲ್ಟಿಕ್ ಸಮುದ್ರದಲ್ಲಿ, ಅದೇ ಮೆಗಾವ್ಯಾಟಿನ ಬೆಲೆ ಎಷ್ಟಾಯಿತು ಗೊತ್ತೆ? ವರ್ಷಕ್ಕೆ 350 ಪೌಂಡ್. ಅಲ್ಲಿಯದು ತೇಲುವ ಯಂತ್ರಗಳ, ಹೆಚ್ಚು ಖರ್ಚಿನ ತಂತ್ರಜ್ಞಾನ ಎಂಬುದು ನಿಜ. ಆದರೂ ಲಕ್ಷದಿಂದ ನೂರಕ್ಕೆ ಇಳಿದ ಈ ಅಂಕಿ, ಸಮುದ್ರಕ್ಕೆ ತನ್ನದೇ ಆದ ಬೆಲೆಯಿಲ್ಲ ಎಂಬುದನ್ನು ತೋರಿಸುತ್ತದೆ. ಅಲ್ಲಿ ಬೆಳೆಯುವ ವಿದ್ಯುತ್ತಿಗೆ ಸಿಗುವ ದರದಿಂದ ಖರ್ಚು ಕಳೆದರೆ ಉಳಿಯುವುದೇ ಗೇಣಿ. ಇನ್ನೂರು ವರ್ಷದ ಹಿಂದೆ ರಿಕಾರ್ಡೊ ಹೊಲಗದ್ದೆಗಳ ಬಗ್ಗೆ ಹೇಳಿದ್ದು ಇದನ್ನೇ. ಉಳಿಕೆ ಇಲ್ಲದೆಡೆ ಗೇಣಿ ಕೇಳಿದರೆ ಒಕ್ಕಲು ಬರುವುದಿಲ್ಲ.

ಸ್ಕಾಟ್ಲೆಂಡ್ ಮಾತ್ರ ಸ್ವಲ್ಪ ಬೇರೆ ದಾರಿ ಹಿಡಿಯಿತು. 2022ರ ಜನವರಿಯಲ್ಲಿ 17 ಯೋಜನೆಗಳಿಗೆ ಕ್ಷೇತ್ರ ಹಂಚುವಾಗ ಚದರ ಕಿಲೋಮೀಟರಿಗೆ ಒಂದು ಲಕ್ಷ ಪೌಂಡ್ ಗರಿಷ್ಠ ಎಂದು ಮಿತಿ ಹಾಕಿತು. ಹಣದ ಕೂಗಿಗೆ ಮಿತಿ ಬಿದ್ದಾಗ ಯೋಜನೆಯ ಗುಣಮಟ್ಟ, ಕಂಪನಿಯ ಸಾಮರ್ಥ್ಯಗಳನ್ನು ನೋಡಲೇಬೇಕಾಗುತ್ತದೆ. ಬೊಕ್ಕಸಕ್ಕೆ ಸುಮಾರು 70 ಕೋಟಿ ಪೌಂಡ್ ಬಂತು. ಇನ್ನೂ ಹೆಚ್ಚು ಸಿಗುತ್ತಿತ್ತು ಎಂಬ ಟೀಕೆಯೂ ಬಂತು. ಮಿತಿಯಿಟ್ಟರೆ ಆ ಟೀಕೆಯನ್ನು ಸಹಿಸುವ ಎದೆಗಾರಿಕೆಯೂ ಇರಬೇಕು.

ನಮ್ಮಲ್ಲಿ ಆ ಎದೆಗಾರಿಕೆ ಕಷ್ಟ, ಅದಕ್ಕೆ ಕಾರಣವೂ ಉಂಟು. 2012ರಲ್ಲಿ ಸುಪ್ರೀಂ ಕೋರ್ಟ್ 2ಜಿ ತರಂಗಾಂತರದ 122 ಪರವಾನಗಿಗಳನ್ನು ರದ್ದುಮಾಡಿತು. 2014ರಲ್ಲಿ 200ಕ್ಕೂ ಹೆಚ್ಚು ಕಲ್ಲಿದ್ದಲು ನಿಕ್ಷೇಪಗಳ ಹಂಚಿಕೆ ರದ್ದಾಯಿತು. ಬಳ್ಳಾರಿಯಲ್ಲಿ ಸಾವಿರಾರು ರೂಪಾಯಿಗೆ ಮಾರುತ್ತಿದ್ದ ಒಂದು ಟನ್ ಅದಿರಿಗೆ ಸರ್ಕಾರ ಕೆಲವೇ ಹತ್ತು ರೂಪಾಯಿ ರಾಜಧನ ಪಡೆಯುತ್ತಿದ್ದುದನ್ನು ಕನ್ನಡಿಗರು ಮರೆತಿಲ್ಲ. ಇವುಗಳಿಂದ ಅಧಿಕಾರಿವರ್ಗ ಕಲಿತ ಪಾಠ ಒಂದೇ: ಹರಾಜು ಹಾಕು, ಹೆಚ್ಚು ಹಣಕ್ಕೆ ಕೊಡು, ತನಿಖೆಗೆ ಸಿಕ್ಕಿಕೊಳ್ಳಬೇಡ. ಕಡತಕ್ಕೆ ಸಹಿ ಹಾಕುವವನ ದೃಷ್ಟಿಯಿಂದ ಇದು ವಿವೇಕವೇ. ನಾನೂ ಆ ಕುರ್ಚಿಯಲ್ಲಿ ಕುಳಿತವನೇ. ಆದರೆ ಅದೇ 2012ರ ಸೆಪ್ಟೆಂಬರಿನಲ್ಲಿ ರಾಷ್ಟ್ರಪತಿಗಳ ಪ್ರಶ್ನೆಗೆ ಉತ್ತರಿಸುತ್ತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು, ಎಲ್ಲ ನೈಸರ್ಗಿಕ ಸಂಪತ್ತನ್ನೂ ಹರಾಜಿನ ಮೂಲಕವೇ ಹಂಚಬೇಕೆಂಬ ಕಟ್ಟಳೆ ಸಂವಿಧಾನದಲ್ಲಿಲ್ಲ ಎಂದಿತು. ಈ ಅಭಿಪ್ರಾಯ ಮೊದಲಿನ ತೀರ್ಪಿನಷ್ಟು ಸದ್ದು ಮಾಡಲಿಲ್ಲ. ಅದಿರು ಅಗೆದರೆ ಮುಗಿದುಹೋಗುವ ವಸ್ತು, ಗಾಳಿ ಹಾಗಲ್ಲ. ಇಂದು ಹಿಡಿಯದ ಗಾಳಿ ನಾಳೆಗೆ ಉಳಿಯುವುದೂ ಇಲ್ಲ. ಅದಿರಿನ ವಿಷಯದಲ್ಲಿ ತಡ ಮಾಡಿದರೆ ನಷ್ಟವಿಲ್ಲ, ಗಾಳಿಯ ವಿಷಯದಲ್ಲಿ ತಡವೇ ನಷ್ಟ.

ಈಗ ನಮ್ಮ ನಿಯಮಗಳಿಗೆ ಬರೋಣ. ಸಂವಿಧಾನದ 297ನೇ ವಿಧಿಯ ಪ್ರಕಾರ ಸಮುದ್ರತಳದ ಸಂಪತ್ತು ಕೇಂದ್ರ ಸರ್ಕಾರದ್ದು. 2015ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಕಡಲ ಪವನ ಶಕ್ತಿ ನೀತಿ ಬಂತು. 2018ರಲ್ಲಿ ಖಂಭಾತ್ ಕೊಲ್ಲಿಯ 1,000 ಮೆಗಾವ್ಯಾಟಿಗೆ ಆಸಕ್ತಿ ತಿಳಿಸುವಂತೆ ಕರೆದಾಗ 35 ಕಂಪನಿಗಳು ಮುಂದೆ ಬಂದವು. 2030ರೊಳಗೆ 30,000 ಮೆಗಾವ್ಯಾಟ್ ಎಂಬ ಗುರಿಯೂ ಆ ವರ್ಷವೇ ಘೋಷಣೆಯಾಯಿತು. ಗುತ್ತಿಗೆಯ ನಿಯಮಗಳು ಮಾತ್ರ ಬಂದದ್ದು 2023ರ ಡಿಸೆಂಬರ್‌ನಲ್ಲಿ. ಅವುಗಳ ಪ್ರಕಾರ ಗುತ್ತಿಗೆಯ ಅವಧಿ 35 ವರ್ಷ. ಅವಧಿ ಸಾಲದು ಎನ್ನುವಂತಿಲ್ಲ. ತೊಡಕಿರುವುದು ಬೇರೆಡೆ.

ತಮಿಳುನಾಡಿನ 4,000 ಮೆಗಾವ್ಯಾಟಿನ ಟೆಂಡರಿನಲ್ಲಿ ಕಂಪನಿಗಳು ಗುತ್ತಿಗೆ ಶುಲ್ಕದ ಮೇಲೆ ಪೈಪೋಟಿ ಮಾಡಬೇಕಿತ್ತು. ಕೇಂದ್ರದ ಸಹಾಯಧನವಿಲ್ಲ. ವಿದ್ಯುತ್ತನ್ನು ಕೊಳ್ಳುವವರನ್ನು ತಾವೇ ಹುಡುಕಿಕೊಳ್ಳಬೇಕು. ಸೌರ ವಿದ್ಯುತ್ತು ಹರಾಜಿನಲ್ಲಿ ಯೂನಿಟ್ಟಿಗೆ ಎರಡೂವರೆ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತಿರುವಾಗ, ಅದಕ್ಕಿಂತ ಬಹಳ ದುಬಾರಿಯಾದ ಕಡಲ ವಿದ್ಯುತ್ತನ್ನು ಯಾವ ಕಾರ್ಖಾನೆ ಸ್ವಇಚ್ಛೆಯಿಂದ ಕೊಂಡೀತು? ಉಳಿಕೆಯೇ ಇಲ್ಲದ ಗದ್ದೆಗೆ ಗೇಣಿಯ ಹರಾಜು ಕರೆದಂತಾಯಿತು. ಮತ್ತೊಂದೆಡೆ, 2024ರ ಜೂನ್‌ನಲ್ಲಿ ಕೇಂದ್ರ ಸಂಪುಟವು ಗುಜರಾತ್ ಮತ್ತು ತಮಿಳುನಾಡಿನ ತಲಾ 500 ಮೆಗಾವ್ಯಾಟಿನ ಯೋಜನೆಗಳಿಗೆ 6,853 ಕೋಟಿ, ಬಂದರುಗಳಿಗೆ 600 ಕೋಟಿ, ಹೀಗೆ 7,453 ಕೋಟಿ ರೂಪಾಯಿ ಮಂಜೂರು ಮಾಡಿತು. ವರ್ಷಕ್ಕೆ 372 ಕೋಟಿ ಯೂನಿಟ್ ಎಂಬ ಸರ್ಕಾರದ ಅಂದಾಜನ್ನೇ ಹಿಡಿದು 25 ವರ್ಷಕ್ಕೆ ಹಂಚಿದರೆ ಈ ನೆರವು ಯೂನಿಟ್ಟಿಗೆ ಸುಮಾರು 74 ಪೈಸೆ, ಅದೂ ಬಡ್ಡಿ ಲೆಕ್ಕ ಸೇರಿಸದೆ. ಒಂದು ಕೈಯಲ್ಲಿ ಸಹಾಯಧನ, ಇನ್ನೊಂದು ಕೈಯಲ್ಲಿ ಹರಾಜಿನ ಸುತ್ತಿಗೆ. ಈ ಹಣ ಬೆಂಗಳೂರಿನ, ಕಲಬುರಗಿಯ ತೆರಿಗೆದಾರನದೂ ಹೌದಾದ್ದರಿಂದ, ಗುರುತಿಸಲಾದ ವಲಯಗಳೆಲ್ಲ ಗುಜರಾತ್ ಮತ್ತು ತಮಿಳುನಾಡಿನ ಬಳಿಯೇ ಇದ್ದರೂ ನಾವು ಈ ಲೆಕ್ಕ ಕೇಳುವುದು ಅನಧಿಕಾರವಲ್ಲ.

ನನ್ನ ಅಭಿಪ್ರಾಯದಲ್ಲಿ ಗುತ್ತಿಗೆ ಶುಲ್ಕದ ಪೈಪೋಟಿಯನ್ನು ಈ ಹಂತದಲ್ಲಿ ಕೈಬಿಡಬೇಕು. ಶುಲ್ಕ ಅಲ್ಪವಾಗಿ, ಎಲ್ಲರಿಗೂ ಒಂದೇ ಆಗಿ ನಿಗದಿಯಾಗಲಿ. ಪೈಪೋಟಿ ಯೂನಿಟ್ ದರದ ಮೇಲೆ ನಡೆಯಲಿ. ಹಾಗೆ ಮಾಡಿದರೆ ಸ್ಪರ್ಧೆಯ ಲಾಭ ಬೊಕ್ಕಸದ ಬದಲು ಬಳಕೆದಾರನ ಬಿಲ್ಲಿಗೆ ಹೋಗುತ್ತದೆ. ಹರಾಜಿನ ಪಾರದರ್ಶಕತೆಗೂ ಚ್ಯುತಿ ಬರುವುದಿಲ್ಲ. ದರದ ಖಾತರಿಗೆ ಬ್ರಿಟನ್ನಿನ ಪದ್ಧತಿ ಉಂಟು: ಒಪ್ಪಿದ ದರಕ್ಕಿಂತ ಮಾರುಕಟ್ಟೆ ದರ ಇಳಿದರೆ ವ್ಯತ್ಯಾಸವನ್ನು ಕಂಪನಿಗೆ ತುಂಬಿಕೊಡುವುದು, ಏರಿದರೆ ಕಂಪನಿಯಿಂದ ವಾಪಸು ಪಡೆಯುವುದು. ಅದೂ ಕೆಟ್ಟುಹೋಗಬಲ್ಲದು. 2023ರಲ್ಲಿ ಅಲ್ಲಿನ ಸರ್ಕಾರ ಗರಿಷ್ಠ ದರವನ್ನು ತೀರ ಕೆಳಗಿಟ್ಟಾಗ ಕಡಲ ಯೋಜನೆಗಳಿಂದ ಒಂದು ಬಿಡ್ಡೂ ಬರಲಿಲ್ಲ. ಮರುವರ್ಷ ದರ ಏರಿಸಿದ ಮೇಲೆ ಬಂದರು.

ಆದರೆ ಅಲ್ಪ ಶುಲ್ಕಕ್ಕೆ ಒಂದು ಅಪಾಯವಿದೆ. ಸೇವೆಯಲ್ಲಿದ್ದಾಗ ಬಯಲುಸೀಮೆಯ ಜಿಲ್ಲೆಯೊಂದರಲ್ಲಿ ನಾನು ನೋಡಿದ ಕಡತವೊಂದು ನೆನಪಿಗೆ ಬರುತ್ತದೆ. ಗಾಳಿ ಚೆನ್ನಾಗಿ ಬೀಸುವ ಗುಡ್ಡವೊಂದನ್ನು ಒಂದು ಕಂಪನಿ ಅಗ್ಗಕ್ಕೆ ಹಿಡಿದುಕೊಂಡಿತ್ತು. ಆರು ವರ್ಷ ಕಳೆದರೂ ಗಾಳಿ ಅಳೆಯುವ ಒಂದು ಕಂಬ ನೆಟ್ಟಿರಲಿಲ್ಲ. ನೋಟಿಸು ಕೊಟ್ಟರೆ ಅವಧಿ ವಿಸ್ತರಣೆಯ ಅರ್ಜಿ ಬರುತ್ತಿತ್ತು. ಅಸಲಿಗೆ ಅವರು ಕಾಯುತ್ತಿದ್ದುದು ಗಾಳಿಗಲ್ಲ, ಆ ಹಂಚಿಕೆ ಪತ್ರವನ್ನು ಲಾಭಕ್ಕೆ ಕೊಳ್ಳುವವರಿಗೆ. ಕುರಿ ಮೇಯಿಸುವವರಿಗೆ ಮಾತ್ರ ಆ ಆರು ವರ್ಷವೂ ಗುಡ್ಡಕ್ಕೆ ಪ್ರವೇಶವಿರಲಿಲ್ಲ. ಸಮುದ್ರದಲ್ಲಿ ಇದು ಮರುಕಳಿಸಬಾರದಾದರೆ ಗುತ್ತಿಗೆಪತ್ರದಲ್ಲಿ ಇಂತಿಷ್ಟು ತಿಂಗಳಿಗೆ ಸಮೀಕ್ಷೆ, ಇಂತಿಷ್ಟಕ್ಕೆ ಹಣಕಾಸಿನ ಒಪ್ಪಂದ, ಇಂತಿಷ್ಟಕ್ಕೆ ಮೊದಲ ಯಂತ್ರ ಎಂದು ಬರೆದಿರಬೇಕು. ತಪ್ಪಿದರೆ ಠೇವಣಿ ಜಪ್ತಿಯಾಗಿ ಕ್ಷೇತ್ರ ಸರ್ಕಾರಕ್ಕೆ ಮರಳಬೇಕು. ಹಸ್ತಾಂತರದ ಲಾಭದಲ್ಲಿ ಸರ್ಕಾರಕ್ಕೆ ಪಾಲಿರಬೇಕು. ಇದಕ್ಕೆ ಪ್ರತಿಯಾಗಿ ಸರ್ಕಾರವೂ ತನ್ನ ಕೈ ಕಟ್ಟಿಕೊಳ್ಳಬೇಕು: ಗಡುವು ಪಾಲಿಸಿದವನನ್ನು ಹೊಸ ಸರ್ಕಾರ ಬಂತೆಂಬ ಕಾರಣಕ್ಕೆ ಎಬ್ಬಿಸುವಂತಿಲ್ಲ.

ಕುರಿ ಮೇಯಿಸುವವರ ಮಾತು ಬಂದದ್ದರಿಂದ ಮೀನುಗಾರರ ವಿಚಾರಕ್ಕೆ ಬರುತ್ತೇನೆ. ತಮಿಳುನಾಡಿನ ವಲಯಗಳಿರುವ ಮನ್ನಾರ್ ಕೊಲ್ಲಿಯ ಸುತ್ತ ಬಲೆಯೇ ಬದುಕಾದ ಊರುಗಳಿವೆ. ನಕ್ಷೆಯಲ್ಲಿ ಖಾಲಿ ಕಾಣುವ ನೀಲಿ ಅವರ ಪಾಲಿಗೆ ಖಾಲಿಯಲ್ಲ. ಅಮೆರಿಕದಲ್ಲಿ 2016ರಲ್ಲಿ ನ್ಯೂಯಾರ್ಕ್ ಬಳಿಯ ಒಂದು ಕ್ಷೇತ್ರ 4.25 ಕೋಟಿ ಡಾಲರಿಗೆ ಹರಾಜಾದಾಗ ಕಪ್ಪೆಚಿಪ್ಪು ಹಿಡಿಯುವ ಮೀನುಗಾರರು ನ್ಯಾಯಾಲಯಕ್ಕೆ ಹೋದರು. ಗುತ್ತಿಗೆಯಿಂದಲೇ ನಿರ್ಮಾಣಕ್ಕೆ ಅನುಮತಿ ಸಿಗುವುದಿಲ್ಲವಾದ್ದರಿಂದ ನಿಮ್ಮ ಪರಿಸರದ ತಕರಾರಿಗೆ ಇನ್ನೂ ಕಾಲ ಕೂಡಿಬಂದಿಲ್ಲ ಎಂದು 2018ರಲ್ಲಿ ನ್ಯಾಯಾಲಯ ಹೇಳಿತು. ಕಾನೂನಿನ ದೃಷ್ಟಿಯಿಂದ ಸರಿಯಿರಬಹುದು. ಆದರೆ ಕೋಟಿಗಟ್ಟಲೆ ಹಣ ಕಟ್ಟಿದ ಮೇಲೆ ಗೆರೆ ಬದಲಿಸುವವರು ಯಾರು? ನ್ಯೂ ಇಂಗ್ಲೆಂಡ್ ಬಳಿಯ ಗುತ್ತಿಗೆದಾರರು ಯಂತ್ರದಿಂದ ಯಂತ್ರಕ್ಕೆ ಒಂದು ನಾಟಿಕಲ್ ಮೈಲಿ ಅಂತರ ಬಿಡಲು ಒಪ್ಪಿದ್ದು 2019ರಲ್ಲಿ, ಗುತ್ತಿಗೆ ಕೈಸೇರಿ ಎಷ್ಟೋ ಕಾಲದ ನಂತರ. ಈ ಮಾತುಕತೆ ಹರಾಜಿಗೆ ಮೊದಲೇ ನಡೆದಿದ್ದರೆ ಎರಡೂ ಕಡೆಗೆ ಖರ್ಚು ಕಡಿಮೆಯಾಗುತ್ತಿತ್ತು. ಜರ್ಮನಿಯಲ್ಲಿ ಹರಾಜಿನ ಹಣದಲ್ಲಿ ಒಂದು ಪಾಲನ್ನು ಸಾಗರ ಜೀವಿಗಳ ರಕ್ಷಣೆಗೂ ಮತ್ತೊಂದು ಪಾಲನ್ನು ಪರಿಸರಸ್ನೇಹಿ ಮೀನುಗಾರಿಕೆಗೂ ಎತ್ತಿಡುತ್ತಾರೆ. ಒಳ್ಳೆಯದೇ, ಆದರೆ ಅದು ಪರಿಹಾರವಾಯಿತೇ ಹೊರತು ಸಮಾಲೋಚನೆಯಾಗಲಿಲ್ಲ.

ನಮ್ಮಲ್ಲಿ ಇದಕ್ಕೊಂದು ಸಾಂವಿಧಾನಿಕ ಗಂಟೂ ಇದೆ. 12 ನಾಟಿಕಲ್ ಮೈಲಿ ಒಳಗಿನ ಮೀನುಗಾರಿಕೆ ರಾಜ್ಯದ ವಿಷಯ, ಅದರಾಚೆಯದು ಕೇಂದ್ರದ್ದು, ಸಮುದ್ರತಳವೆಲ್ಲ ಕೇಂದ್ರದ್ದು. ದೋಣಿ ಈ ಗೆರೆಗಳನ್ನು ನೋಡಿ ಹೋಗುವುದಿಲ್ಲ. ಗುತ್ತಿಗೆ ಕೊಡುವುದು ದೆಹಲಿ, ಬಂದರಿನಲ್ಲಿ ಪ್ರತಿಭಟನೆ ಎದುರಿಸುವುದು ಜಿಲ್ಲಾಧಿಕಾರಿ. ಹೊನ್ನಾವರದ ಕಾಸರಕೋಡಿನಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಟ್ಟಲೆ ಹೋರಾಡುತ್ತಿರುವುದನ್ನು ಕಂಡವರಿಗೆ, ಕಾಗದದ ಮೇಲೆ ಮುಗಿದ ಕೆಲಸ ದಡದ ಮೇಲೆ ಮುಗಿದಿರುವುದಿಲ್ಲ ಎಂಬುದು ಗೊತ್ತು.

ಹಾಗಾಗಿ ಕೆಲಸದ ಅನುಕ್ರಮವೇ ಬದಲಾಗಬೇಕು. ಮೊದಲು ಸರ್ಕಾರ ತನ್ನ ಖರ್ಚಿನಲ್ಲಿ ಗಾಳಿಯನ್ನು, ಸಮುದ್ರತಳದ ಮಣ್ಣನ್ನು ಅಳೆಯಲಿ. ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ 2017ರಲ್ಲಿಯೇ ಖಂಭಾತ್ ಕೊಲ್ಲಿಯಲ್ಲಿ ಗಾಳಿ ಅಳೆಯುವ ಉಪಕರಣ ನಿಲ್ಲಿಸಿತ್ತು, ಅಂದರೆ ನಮಗೆ ಬಾರದ ವಿದ್ಯೆ ಅದಲ್ಲ. ಅಳತೆಯ ದತ್ತಾಂಶ ಎಲ್ಲ ಬಿಡ್ಡುದಾರರಿಗೂ ಸಮನಾಗಿ ಸಿಕ್ಕರೆ ಊಹೆಯ ಬೆಲೆ ಇಳಿಯುತ್ತದೆ, ಯೂನಿಟ್ ದರವೂ ಇಳಿಯುತ್ತದೆ. ಅಳತೆ ನಡೆಯುತ್ತಿರುವಾಗಲೇ ಮೀನುಗಾರರ ಸಂಘಗಳನ್ನು ಕೂರಿಸಿಕೊಂಡು ಯಾವ ತಿಂಗಳು ಯಾವ ದಿಕ್ಕಿನಲ್ಲಿ ಬಲೆ ಬೀಳುತ್ತದೆಂದು ಗುರುತು ಹಾಕಿಕೊಳ್ಳಲಿ. ವಿದ್ಯುತ್ತನ್ನು ದಡಕ್ಕೆ ತರುವ ಕೇಬಲ್ ಯಾರ ಹೊಣೆ ಎಂಬುದು ಟೆಂಡರಿಗೆ ಮೊದಲೇ ತೀರ್ಮಾನವಾಗಲಿ. ಇಷ್ಟಕ್ಕೆ ಎರಡು ಮೂರು ವರ್ಷ ಹಿಡಿಯಬಹುದು. ನೀತಿ ಪ್ರಕಟವಾದ ಮೇಲೆ ಒಂದು ದಶಕವನ್ನು ನಾವು ಹೇಗೂ ಕಳೆದಿದ್ದೇವೆ. ದೇಶದ ಕಡಲಿನಲ್ಲಿ ಇನ್ನೂ ಒಂದು ಗಾಳಿಯಂತ್ರವೂ ನಿಂತಿಲ್ಲ.

ಮುಂದಿನ ಟೆಂಡರ್ ದಾಖಲೆ ಪ್ರಕಟವಾದಾಗ ಪತ್ರಿಕೆಗಳು ಮೆಗಾವ್ಯಾಟನ್ನೂ ಕೋಟಿಯನ್ನೂ ಶೀರ್ಷಿಕೆ ಮಾಡುತ್ತವೆ. ನಾನಂತೂ ಮೊದಲು ತೆರೆಯುವುದು ಕೊನೆಯ ಲಗತ್ತುಗಳನ್ನು: ಎಷ್ಟು ವರ್ಷದ ಗಾಳಿಯ ಅಳತೆ ಕೊಟ್ಟಿದ್ದಾರೆ, ಮತ್ತು ಕ್ಷೇತ್ರದ ನಕ್ಷೆಯ ಮೇಲೆ ಮೀನುಗಾರಿಕೆಯ ಗೆರೆಗಳನ್ನು ಎಳೆದಿದ್ದಾರೆಯೇ ಎಂದು.